ಶಾಲೆಯ ಫಲಿತಾಂಶವನ್ನು ಓದುವದು ಹೇಗೆ?

ಜೂನ್ ತಿಂಗಳು ಸಮೀಪಿಸಿತೆಂದರೆ ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕೆಂಬ ಚಿಂತೆ ನಮ್ಮ ಮನೆಗಳಲ್ಲಿ ಹುಟ್ಟುವದು. “ಮುನಸಿಪಾಲಿಟಿ ಶಾಲೆ ಬೇಡ; ಅಲ್ಲಿ ಪರಪ್ರಾಂತದ ಕೂಲಿಕಾರರ ಮಕ್ಕಳೇ ತುಂಬಿದ್ದಾರೆ, ಫಲಿತಾಂಶ ಕಡಿಮೆ” ಎಂದು ಒಬ್ಬರು ಹೇಳಿದರೆ ಹತ್ತು ಜನ ತಲೆದೂಗುವರು. ಆ ಪರಪ್ರಾಂತದವರಲ್ಲಿ ನಾವೂ ಸೇರಿದ್ದೇವೆಂಬುದು ಆಗ ನೆನಪಿಗೆ ಬರುವದಿಲ್ಲ. ಫಲಿತಾಂಶದ ಅಂಕೆಯಿಂದ ಏನು ತಿಳಿಯುವದು, ಏನು ತಿಳಿಯುವದಿಲ್ಲ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಶಾಲೆಯಲ್ಲಿ ಓದುವವರು ಯಾರು?

ಸೂರತ್ ನಗರದ ಜನಸಂಖ್ಯೆ ೨೦೦೧ರ ಗಣತಿಯಲ್ಲಿ ಸುಮಾರು ೨೪ ಲಕ್ಷವಿದ್ದದ್ದು ೨೦೧೧ರಲ್ಲಿ ಸುಮಾರು ೪೪ ಲಕ್ಷಕ್ಕೆ ಏರಿತು. ನಗರದ ಎಲ್ಲೆ ವಿಸ್ತಾರವಾದದ್ದು ಒಂದು ಕಾರಣ. ದುಡಿಮೆಗಾಗಿ ಹೊರಗಿನಿಂದ ಬಂದವರು ಇನ್ನೊಂದು ಕಾರಣ. ಮಗ್ಗಗಳಿಗೆ ಒಡಿಶಾದ ಗಂಜಾಮ್ ಜಿಲ್ಲೆಯವರು, ಖಾನದೇಶದ ಮರಾಠಿಗರು, ತೆಲಂಗಾಣದ ನೇಕಾರರು, ಉತ್ತರ ಪ್ರದೇಶ ಬಿಹಾರದವರು ಬಂದರು. ಆದ್ದರಿಂದಲೇ ಅಲ್ಲಿಯ ನಗರ ಪ್ರಾಥಮಿಕ ಶಿಕ್ಷಣ ಸಮಿತಿಯು ಗುಜರಾತಿಯಲ್ಲದೆ ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಮಾಧ್ಯಮಗಳಲ್ಲಿಯೂ ಶಾಲೆ ನಡೆಸುತ್ತ ಬಂದಿದೆ. ಈ ಸಾಲಿನಲ್ಲಿ ಕನ್ನಡವಿಲ್ಲ. ಮುಂಬಯಿ ನಗರಪಾಲಿಕೆಯು ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿದೆ. ಗುಜರಾತಿನಲ್ಲಿರುವ ನಮ್ಮ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂದು ನಡೆಯಬೇಕಾಗಿದೆ.

ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ ೩೫೦-ಎ ವಿಧಿ ಹೇಳುತ್ತದೆ. ಇದನ್ನು ೧೯೫೬ರಲ್ಲಿ ಸೇರಿಸಲಾಯಿತು. ಆದರೆ ಪಟ್ಟಿಯಲ್ಲಿ ಮಕ್ಕಳಿಲ್ಲದಿದ್ದರೆ ಶಾಲೆ ಉಳಿಯುವದಿಲ್ಲ. ಅಮದಾವಾದಿನಲ್ಲಿದ್ದ ತಮಿಳು ಮಾಧ್ಯಮದ ಶಾಲೆಯನ್ನು ಮಕ್ಕಳ ಸಂಖ್ಯೆ ಕುಗ್ಗಿತೆಂದು ೨೦೨೦ರಲ್ಲಿ ಮುಚ್ಚಿದಾಗ, ತಮಿಳುನಾಡಿನ ಮುಖ್ಯಮಂತ್ರಿಗಳೇ ಗುಜರಾತಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು.

೨. ಒಂದು ಲೆಕ್ಕ

ಈಗ ಫಲಿತಾಂಶದ ಮಾತು. ಕೆಳಗಿನ ಅಂಕೆಗಳು ಪಾಠಕ್ಕಾಗಿ ಊಹಿಸಿಕೊಂಡವು.

ಎರಡು ಶಾಲೆಗಳ ಐದನೆಯ ಇಯತ್ತೆಯಲ್ಲಿ ತಲಾ ೧೦೦ ಮಕ್ಕಳು. ಗುಜರಾತಿ ಓದುವ ಪರೀಕ್ಷೆ ನಡೆಯಿತು. ಮೊದಲನೆಯ ಶಾಲೆಯಲ್ಲಿ ೬೯ ಮಕ್ಕಳು ತೇರ್ಗಡೆಯಾದರು, ಎರಡನೆಯದರಲ್ಲಿ ೭೮. ಎರಡನೆಯದೇ ಒಳ್ಳೆಯ ಶಾಲೆ ಎಂದು ಯಾರೂ ಹೇಳುವರು. ಆದರೆ ಪಟ್ಟಿಯನ್ನು ಬಿಡಿಸಿ ನೋಡೋಣ.

ಮೊದಲನೆಯ ಶಾಲೆ: ಮನೆಮಾತು ಗುಜರಾತಿ ಇರುವ ೩೦ ಮಕ್ಕಳಲ್ಲಿ ೨೭ ತೇರ್ಗಡೆ, ಅಂದರೆ ಶೇಕಡಾ ೯೦. ಬೇರೆ ಮನೆಮಾತಿನ ೭೦ ಮಕ್ಕಳಲ್ಲಿ ೪೨, ಅಂದರೆ ಶೇಕಡಾ ೬೦.

ಎರಡನೆಯ ಶಾಲೆ: ಮನೆಮಾತು ಗುಜರಾತಿ ಇರುವ ೮೦ ಮಕ್ಕಳಲ್ಲಿ ೬೮ ತೇರ್ಗಡೆ, ಅಂದರೆ ಶೇಕಡಾ ೮೫. ಬೇರೆ ಮನೆಮಾತಿನ ೨೦ ಮಕ್ಕಳಲ್ಲಿ ೧೦, ಅಂದರೆ ಶೇಕಡಾ ೫೦.

ಗುಜರಾತಿ ಮಕ್ಕಳಿಗೂ, ಹೊರಗಿನಿಂದ ಬಂದವರ ಮಕ್ಕಳಿಗೂ ಮೊದಲನೆಯ ಶಾಲೆಯಲ್ಲಿಯೇ ಫಲಿತಾಂಶ ಮೇಲು! ಒಟ್ಟು ಅಂಕೆ ಕೆಳಗಾದದ್ದು, ಕಷ್ಟದ ಹೊರೆ ಹೊತ್ತ ಮಕ್ಕಳನ್ನು ಆ ಶಾಲೆಯು ಹೆಚ್ಚಾಗಿ ಸೇರಿಸಿಕೊಂಡಿದ್ದರಿಂದ. ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಒಳಗೆ ಬಂದ ಕೋರಾ ಬಟ್ಟೆ ಎಂಥದ್ದಿತ್ತೆಂದು ನೋಡದೆ, ಹೊರಬಿದ್ದ ತಾಕಾ ಮಾತ್ರ ನೋಡಿ ಬಣ್ಣದ ಖಾತೆಯವರನ್ನು ಬೈಯುವದು ನ್ಯಾಯವೇ?

ಹಾಗೆಂದು ಶೇಕಡಾ ೬೦ ಸಾಕೆಂದು ಅರ್ಥವಲ್ಲ. ೯೦ಕ್ಕೂ ೬೦ಕ್ಕೂ ನಡುವಿನ ೩೦ರ ಅಂತರವನ್ನು ತುಂಬುವದೇ ಶಾಲೆಯ ಕೆಲಸ, ನಮ್ಮ ಕೆಲಸವೂ ಕೂಡ.

೩. ಪಟ್ಟಿಯ ಮರೆಯಲ್ಲಿರುವದು

ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಮಗು ಶಾಲೆಯಲ್ಲಿದೆ ಎಂದಲ್ಲ. ಜಾತ್ರೆ, ಮದುವೆ, ಸುಗ್ಗಿಯೆಂದು ಒಂದು ತಿಂಗಳು ಊರಿಗೆ ಹೋದರೆ ಅಷ್ಟು ಪಾಠ ಹೋಯಿತು. ಅನ್ಯಭಾಷೆಯಲ್ಲಿ ಕಲಿಯುವ ಮಗುವಿಗೆ ಈ ನಷ್ಟ ಇಮ್ಮಡಿ; ಯಾಕಂದರೆ ಆ ತಿಂಗಳಲ್ಲಿ ಗುಜರಾತಿ ಮಾತು ಕಿವಿಗೆ ಬೀಳುವದೇ ಇಲ್ಲ.

ಮೇಲಿನ ಇಯತ್ತೆಗೆ ಹೋದ ಮಾತ್ರಕ್ಕೆ ಓದು ಬಂದಿದೆ ಎಂದೂ ಅಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ಇಯತ್ತೆಯವರೆಗೆ ಯಾರನ್ನೂ ಹಿಂದಿಡಬಾರದೆಂದಿತ್ತು. ೨೦೧೯ರ ತಿದ್ದುಪಡಿಯು ಐದು ಮತ್ತು ಎಂಟನೆಯ ಇಯತ್ತೆಗಳಲ್ಲಿ ಹಿಂದಿಡುವ ಅಧಿಕಾರವನ್ನು ಸರಕಾರಗಳಿಗೆ ಕೊಟ್ಟಿತು. ಆದ್ದರಿಂದ ಮಗುವಿನ ಓದನ್ನು ನಾವೇ ಪರೀಕ್ಷಿಸಬೇಕು. ‘ಅಸರ್’ ಎಂಬ ಸಮೀಕ್ಷೆಯವರು ೨೦೦೫ರಿಂದ ಹಳ್ಳಿಹಳ್ಳಿಗಳಲ್ಲಿ ಮಾಡಿದ್ದು ಇಷ್ಟೇ: ಮನೆಗೆ ಹೋಗಿ, ಎರಡನೆಯ ಇಯತ್ತೆಯ ಮಟ್ಟದ ಸಣ್ಣ ಪಾಠವನ್ನು ಮಗುವಿನಿಂದ ಓದಿಸಿ ನೋಡುವದು. ಇದಕ್ಕೆ ತಾಯಿತಂದೆಗಳಿಗೆ ಹೆಚ್ಚಿನ ವಿದ್ಯೆ ಬೇಕಾಗಿಲ್ಲ. ಮಗು ತಡವರಿಸುವದೋ ಇಲ್ಲವೋ ಎಂಬುದು ಕಿವಿಗೇ ತಿಳಿಯುವದು.

೪. ನಮ್ಮ ಹಕ್ಕು, ನಮ್ಮ ಹೊಣೆ

ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ೧೮೯೩ರಲ್ಲಿ ಅಮರೇಲಿಯಲ್ಲಿ ಪ್ರಯೋಗ ಮಾಡಿ, ೧೯೦೬ರಲ್ಲಿ ಇಡೀ ಸಂಸ್ಥಾನಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ತಂದರು. ದೇಶಕ್ಕೆಲ್ಲ ಅಂಥ ಹಕ್ಕು ಕಾಯಿದೆಯಾಗಿ ಜಾರಿಗೆ ಬಂದದ್ದು ೨೦೧೦ರ ಏಪ್ರಿಲ್ ೧ರಂದು. ಅದರಲ್ಲಿ ನಮಗೆ ಬೇಕಾದ ಮಾತುಗಳು ಇವು:

ಊರಿನ ಶಾಲೆಯ ದಾಖಲೆ ಬರಲು ತಡವಾಯಿತೆಂದು, ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ಇಯತ್ತೆಗೆ ಸೇರಿಸಿಕೊಂಡು, ಸರಿಗಟ್ಟಲು ವಿಶೇಷ ಪಾಠ ಹೇಳಬೇಕು. ಸರಕಾರಿ ಶಾಲೆಯ ವ್ಯವಸ್ಥಾಪಕ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು. ಈ ಸಭೆಗಳಿಗೆ ನಮ್ಮವರು ಹೋಗಬೇಕು. ಪಾಳಿಯ ಕೆಲಸದಿಂದ ಗಂಡಸರಿಗೆ ಬಿಡುವಾಗದಿದ್ದರೆ ಮನೆಯ ಹೆಣ್ಣುಮಕ್ಕಳು ಹೋಗಬಹುದು.

ಹೋದಾಗ “ಫಲಿತಾಂಶ ಎಷ್ಟು?” ಎಂದಷ್ಟೇ ಕೇಳಬೇಡಿರಿ. ಬೇರೆ ಮನೆಮಾತಿನ ಮಕ್ಕಳು ಎಷ್ಟು, ಅವರಲ್ಲಿ ಓದಬಲ್ಲವರು ಎಷ್ಟು, ಹೋದ ವರ್ಷ ಎಷ್ಟಿದ್ದರು, ದಿನಾಲೂ ಬರುವವರು ಎಷ್ಟು ಎಂದು ಕೇಳಿರಿ. ಮನೆಯಲ್ಲಿ ಕನ್ನಡ ಮಾತನ್ನು ಬಿಡಬೇಡಿರಿ. ಗುಜರಾತಿ ತಡವರಿಸುವ ಮಗುವನ್ನು ದಡ್ಡನೆನ್ನಬೇಡಿರಿ.

ಅಭ್ಯಾಸ: ಒಂದು ಇಯತ್ತೆಯಲ್ಲಿ ೮ ಮಕ್ಕಳು. ಹೋದ ವರ್ಷ ಒಬ್ಬ, ಈ ವರ್ಷ ಇಬ್ಬರು ನಪಾಸಾದರು. ಫಲಿತಾಂಶ ಶೇಕಡಾ ಎಷ್ಟು ಇಳಿಯಿತು? ಇಷ್ಟರಿಂದ ಶಾಲೆ ಕೆಟ್ಟಿತೆನ್ನಬಹುದೇ?

(ಉತ್ತರ: ೮೭.೫ರಿಂದ ೭೫ಕ್ಕೆ, ಅಂದರೆ ೧೨.೫ ಇಳಿಯಿತು. ಆದರೆ ವ್ಯತ್ಯಾಸ ಒಂದೇ ಮಗುವಿನದು. ಶಾಲೆಯನ್ನು ದೂರುವ ಮೊದಲು ಆ ಮಗುವಿನ ಮನೆಗೆ ಹೋಗಿ ವಿಚಾರಿಸುವದು ಮೇಲು.)