ಕೈಯಾರೆ ಮಾಡಿದ ಚಾಕುವಿಗೆ ಎಷ್ಟು ಬೆಲೆ?

ಬಿಡುವಿನ ದಿನಗಳಲ್ಲಿ ಅಡುಗೆಮನೆಯ ಚಾಕು ಮಾಡುವುದು ನನ್ನ ಹವ್ಯಾಸ. ನೋಡಿದವರು ಮೊದಲು ಕೇಳುವುದು ಬೆಲೆ. ಆ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರ ಹೇಳಬೇಕಾದರೆ ಸಾಮಾನು, ಕೂಲಿ ಎರಡರ ಲೆಕ್ಕವೂ ಕೈಯಲ್ಲಿರಬೇಕು.

ಮೊದಲು ಉಕ್ಕು. ಲಾರಿಯ ಕಮಾನು ಪಟ್ಟಿ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಗಟ್ಟಿಮುಟ್ಟಾದ ಕತ್ತಿಯೂ ಆಗುತ್ತದೆ. ಆದರೆ ವರ್ಷಗಟ್ಟಲೆ ಹೊರೆ ಹೊತ್ತ ಪಟ್ಟಿಯೊಳಗೆ ಕೂದಲೆಳೆಯಷ್ಟು ಬಿರುಕು ಅಡಗಿರಬಹುದು. ಅದು ಕಾಣಿಸುವುದು ಕೆಂಪಗೆ ಕಾದ ಅಲಗನ್ನು ಎಣ್ಣೆಗೆ ಅದ್ದಿದ ಮೇಲೆ. ಅಷ್ಟು ಹೊತ್ತಿಗೆ ಅರ್ಧ ದಿನದ ದುಡಿಮೆ ಕಳೆದಿರುತ್ತದೆ. ಹಾಗಾಗಿ ಮಾರುವ ಚಾಕುವಿಗೆ ನಾನು ಹೊಸ ಇಎನ್ 31 ಉಕ್ಕನ್ನೇ ತರುತ್ತೇನೆ. ಬೇರಿಂಗ್‌ಗೆ ಬಳಸುವ ಈ ಉಕ್ಕಿನಲ್ಲಿ ಇಂಗಾಲ ಶೇಕಡಾ 1ರ ಆಸುಪಾಸು. ಅಲಗು ಬಹಳ ದಿನ ಹರಿತ ಉಳಿಸಿಕೊಳ್ಳುತ್ತದೆ.

ಇನ್ನು ಹದ. ಕುಲುಮೆಯಲ್ಲಿ ಕಾಯುತ್ತಿರುವ ಅಲಗಿಗೆ ಆಗಾಗ ಅಯಸ್ಕಾಂತ ತಾಗಿಸಿ ನೋಡುತ್ತೇನೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿಗೆ ಅದು ಅಂಟುವುದು ನಿಲ್ಲುತ್ತದೆ. ಇನ್ನೂ ಕೊಂಚ ಕಾಯಿಸಿ ಬೆಚ್ಚಗಿನ ಎಣ್ಣೆಗೆ ಅದ್ದಿದರೆ, ಅರ ಕಚ್ಚದೆ ಗಾಜಿನ ಮೇಲಿನಂತೆ ಜಾರಬೇಕು. ಆಮೇಲೆ 200 ಡಿಗ್ರಿಯ ಓವನ್‌ನಲ್ಲಿ ಎರಡೆರಡು ಗಂಟೆ, ಎರಡು ಸಲ. ಇದನ್ನು ತಪ್ಪಿಸಿದರೆ ಅಲಗು ಕೈಜಾರಿ ಬಿದ್ದರೂ ಮುರಿಯುತ್ತದೆ.

ಹಿಡಿಗೆ ಹಳೆಯ ಪೀಠೋಪಕರಣದ ಬೀಟೆ ಅಥವಾ ಹಲಸಿನ ತುಂಡು ಸಾಕು. ಮರ ಚೆನ್ನಾಗಿ ಒಣಗಿರುವುದು ಮುಖ್ಯ. ಹಸಿ ಮರದ ಹಿಡಿಯನ್ನು ಮಳೆಗಾಲದಲ್ಲಿ ಕೂರಿಸಿದರೆ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ, ಆ ಸಂದಿನಲ್ಲಿ ನೀರು ನಿಂತು ಒಳಗೇ ತುಕ್ಕು ಹಿಡಿಯುತ್ತದೆ.

ಆರು ಅಂಗುಲದ ಚಾಕು ಒಂದಕ್ಕೆ ನನ್ನ ಲೆಕ್ಕ ಹೀಗಿದೆ: ಉಕ್ಕಿಗೆ 150 ರೂಪಾಯಿ, ಮರ, ಹಿತ್ತಾಳೆ ಕಡ್ಡಿ, ಅಂಟಿಗೆ 200, ಗ್ರೈಂಡರ್ ಬೆಲ್ಟು, ಮರಳುಕಾಗದಕ್ಕೆ 250, ಇದ್ದಿಲು, ಎಣ್ಣೆ, ಕರೆಂಟಿಗೆ 100. ಅಲ್ಲಿಗೆ 700. ಉಕ್ಕಿಗಿಂತ ಅದನ್ನು ಉಜ್ಜುವ ಸಾಮಾನೇ ದುಬಾರಿ! ಕೆಲಸ ಪೂರ್ತಿ ಒಂದು ದಿನದ್ದು. ಅದಕ್ಕೆ ಗಾರೆ ಮೇಸ್ತ್ರಿಯ ದಿನಗೂಲಿಯ ಲೆಕ್ಕದಲ್ಲಿ 1,000 ಸೇರಿಸುತ್ತೇನೆ. ಹದದಲ್ಲಿ ಸೊಟ್ಟಗಾಗುವ, ಬಿರಿಯುವ ಅಲಗುಗಳ ನಷ್ಟಕ್ಕೆಂದು ಹತ್ತರಲ್ಲೊಂದು ಪಾಲು. ಒಟ್ಟು ಸುಮಾರು 1,900.

‘ಅಂಗಡಿಯಲ್ಲಿ 300ಕ್ಕೆ ಸಿಗುತ್ತದಲ್ಲ’ ಎನ್ನುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ. ಮಾಗಿದ ಟೊಮ್ಯಾಟೊ ಕೊಟ್ಟು ಹೆಚ್ಚಿ ನೋಡಿ ಎನ್ನುತ್ತೇನೆ. ಈ ಉಕ್ಕು ತುಕ್ಕು ಹಿಡಿಯುತ್ತದೆ, ನಿಂಬೆಹುಳಿಗೆ ಕಪ್ಪಾಗುತ್ತದೆ, ಬಳಸಿದ ಕೂಡಲೇ ತೊಳೆದು ಒರೆಸಬೇಕು ಎಂಬುದನ್ನೂ ಹಣ ಪಡೆಯುವ ಮೊದಲೇ ಹೇಳಿಬಿಡುತ್ತೇನೆ.

ನೆಂಟರಿಷ್ಟರ ವಿಷಯದಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಕೊಟ್ಟರೆ ಉಡುಗೊರೆ, ಮಾರಿದರೆ ಪೂರ್ತಿ ಬೆಲೆ. ನನಗೆ ಸಂಬಳವಿದೆ, ಸಾಮಾನಿನ ಖರ್ಚು ಹುಟ್ಟಿದರೆ ಸಾಕು ಎಂದು 700ಕ್ಕೆ ಮಾರಿದರೂ ನನ್ನ ಮನೆಯ ಒಲೆ ಉರಿಯುತ್ತದೆ. ಆದರೆ ಕೊಂಡವರು ನಾಳೆ ಪೇಟೆಯ ಕಮ್ಮಾರರ ಮುಂದೆ ನಿಂತು ಅದೇ ದರ ಹೇಳಿ ಚೌಕಾಸಿ ಮಾಡುತ್ತಾರೆ. ಅವರಿಗೆ ಕುಲುಮೆಯೇ ಜೀವನ. ಅವರ ಕಸುಬನ್ನು ಪ್ರೀತಿಯಿಂದ ಕಲಿತವನು ಅವರ ಕೂಲಿಗೆ ಕಲ್ಲು ಹಾಕಬಾರದು. ಹವ್ಯಾಸಿಗಳು ಬೆಲೆಯಲ್ಲಿ ಕೂಲಿಯನ್ನು ಸೇರಿಸಲೇಬೇಕು ಎಂದು ನಾನು ಹೇಳುವುದು ಇದಕ್ಕೇ.