ಮಾಧ್ಯಮ ಮತ್ತು ಹಿಂಸೆ: ತಡೆಯಬಹುದಾದ ಒಂದು ಸಾಮಾಜಿಕ ಪಿಡುಗು

ಮಾತಿನಿಂದಲೂ ಹಿಂಸೆಯಾಗಬಲ್ಲುದೆಂಬುದನ್ನು ಕನ್ನಡ ನಾಡು ಹನ್ನೆರಡನೆಯ ಶತಮಾನದಲ್ಲಿಯೇ ಅರಿತಿತ್ತು. ಕಳವು ಕೊಲೆಗಳನ್ನು ನಿಷೇಧಿಸಿದ ಬಸವಣ್ಣನವರು ಹುಸಿಯನ್ನೂ ಪರನಿಂದೆಯನ್ನೂ ಅವುಗಳ ಸಾಲಿನಲ್ಲಿಯೇ ಇರಿಸಿದರು. ಅಂದು ನಿಂದೆಯು ಬಾಯಿಂದ ಬಾಯಿಗೆ ಸಾಗಬೇಕಾಗಿತ್ತು. ಇಂದು ಅಂಗೈಯಲ್ಲಿನ ಮೊಬೈಲು ಅದನ್ನು ಕ್ಷಣಮಾತ್ರದಲ್ಲಿ ಸಾವಿರ ಮನೆಗಳಿಗೆ ಮುಟ್ಟಿಸುತ್ತದೆ.

ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನೊಳಗೊಂಡ ಹಾಸನ ಜಿಲ್ಲೆಯೇ ಇದರ ಕಹಿಯನ್ನು ಉಂಡಿದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಅಂದಿನ ಸಂಸತ್ ಸದಸ್ಯ ಪ್ರಜ್ವಲ್ ರೇವಣ್ಣ ಅವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳಿಗೆ ಸಂಬಂಧಿಸಿದ ದೃಶ್ಯಗಳು ಪೆನ್‌ಡ್ರೈವ್, ವಾಟ್ಸ್‌ಆ್ಯಪ್‌ಗಳ ಮೂಲಕ ಹರಡಿದವು. ಸ್ತ್ರೀಯರ ಮುಖಗಳನ್ನು ಮರೆಮಾಡಿರಲಿಲ್ಲ. ಸರ್ಕಾರವು ವಿಶೇಷ ತನಿಖಾ ದಳವನ್ನು ರಚಿಸಿತು. ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 2ರಂದು ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಇಲ್ಲಿ ನಡೆದ ಹಿಂಸೆ ಎರಡು ಬಗೆಯದು. ಮೊದಲನೆಯದು ನ್ಯಾಯಾಲಯದ ಮುಂದೆ ಬಂದಿತು. ಎರಡನೆಯದನ್ನು ಎಸಗಿದವರು ದುಷ್ಟರೇ ಆಗಿರಬೇಕೆಂದಿಲ್ಲ. ಬರಿಯ ಕುತೂಹಲದಿಂದ ನೋಡಿ, ಇನ್ನೊಬ್ಬರಿಗೆ ಕಳುಹಿಸಿದವರೂ ಅದರಲ್ಲಿ ಪಾಲುಗಾರರೇ. ನ್ಯಾಯಾಲಯವು ಅಪರಾಧಿಯನ್ನು ದಂಡಿಸಬಲ್ಲುದು. ಊರೆಲ್ಲ ಹರಡಿದ ದೃಶ್ಯವನ್ನು ಹಿಂದಕ್ಕೆ ಕರೆಯಲಾರದು. ನೊಂದ ಹೆಣ್ಣು ಅದೇ ಸಂತೆಯಲ್ಲಿ, ಅದೇ ಬಸ್ಸಿನಲ್ಲಿ, ಅದೇ ನೆರೆಹೊರೆಯವರ ನಡುವೆ ಬಾಳಬೇಕು. ಇಂತಹ ದೃಶ್ಯಗಳನ್ನು ಹಂಚುವುದು ಅಪರಾಧವೆಂದು ತನಿಖಾ ದಳವು ಅಂದೇ ಎಚ್ಚರಿಸಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಎ ಕಲಮಿನಂತೆ ಇದಕ್ಕೆ ಮೊದಲ ಸಲಕ್ಕೇ 5 ವರ್ಷಗಳವರೆಗೆ ಸಜೆಯುಂಟು.

ಈ ಎರಡನೆಯ ಹಿಂಸೆಯನ್ನು ತಡೆಯಬಹುದು. ಇದಕ್ಕೆ ನಿದರ್ಶನ ನಮ್ಮ ರಾಜ್ಯದ ಇನ್ನೊಂದು ದುರಂತದ ಬಳಿಕ ದೊರೆಯುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಇಂತಹ ಕೊಲೆಗಳು ನಡೆದಿದ್ದುವು. ಆ ತಿಂಗಳಲ್ಲಿಯೇ ಸಂಸ್ಥೆಯು ಭಾರತದಲ್ಲಿ ಸಂದೇಶಗಳ ಮರುರವಾನೆಗೆ 5ರ ಮಿತಿ ಹಾಕಿತು. 2020ರಲ್ಲಿ, ಅನೇಕ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಮಾಡಿದಾಗ ಅವುಗಳ ಹರಿವು ಶೇಕಡಾ 70ರಷ್ಟು ತಗ್ಗಿತೆಂದು ಸಂಸ್ಥೆಯೇ ತಿಳಿಸಿತು. ಯಂತ್ರವು ಕೈಯನ್ನು ಕ್ಷಣಕಾಲ ತಡೆದುದಕ್ಕೇ ಇಷ್ಟು ಫಲವಾದರೆ, ವಿವೇಕವು ತಡೆದರೆ ಫಲವೆಷ್ಟಾಗದು?

ಆ ವಿವೇಕವನ್ನು ಬೆಳೆಸುವುದೇ ಶಾಲೆಯ ಕಾರ್ಯ. ‘ಇದು ನಿಜವೇ? ಇದರಿಂದ ಯಾರಿಗೆ ನೋವಾದೀತು?’ ಎಂದು ಕೇಳಿಕೊಳ್ಳುವ ಅಭ್ಯಾಸ ಮಗ್ಗಿಯಂತೆ ರೂಢಿಯಾಗಬೇಕು. ಅದಕ್ಕಿಂತ ಮಿಗಿಲಾಗಿ, ಇಂತಹ ಪೀಡೆಗೆ ಸಿಲುಕಿದ ಮಗುವು ಬೈಗುಳಕ್ಕೆ ಅಂಜಿ ಮುಚ್ಚಿಡುತ್ತದೆ. ‘ತಪ್ಪು ನಿನ್ನದಲ್ಲ’ ಎಂಬ ಮಾತು ಗುರುಗಳ ಬಾಯಿಂದ ಮೊದಲು ಬರಬೇಕು. ಬಳಿಕ ಪೊಲೀಸ್ ಠಾಣೆ, ಮಕ್ಕಳ ಸಹಾಯವಾಣಿ 1098 ಇದ್ದೇ ಇವೆ.

ಹಿರಿಯರು ಆಚರಿಸದ ನೀತಿಯನ್ನು ಕಿರಿಯರು ಕಲಿಯರು. ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಪರರ ಮಾನ ಕಳೆಯುವ ದೃಶ್ಯವೊಂದು ಬಂದಾಗ, ‘ಇದು ಬೇಡ’ ಎನ್ನುವ ಒಬ್ಬನಿದ್ದರೆ ಸಾಕು. ಅಲ್ಲಿಗೆ ಆ ಸರಪಳಿ ಕಡಿಯುತ್ತದೆ. ಶಾಲೆಯಲ್ಲಿ ಕಲಿತ ವಿದ್ಯೆ ಸಾರ್ಥಕವಾಗುವುದು ಅಂತಹ ಗಳಿಗೆಯಲ್ಲಿಯೇ.