ಗಣಕಯಂತ್ರದ ಪರದೆಯ ಮೇಲಿನ ದೋಷಸೂಚನೆಗಳು: ಗುರುತು, ಕಾರಣ, ಪರಿಹಾರ



ಇಂದು ಒಕ್ಕಲುತನದ ಎಷ್ಟೋ ಕೆಲಸಗಳು ಮನೆಯ ಗಣಕಯಂತ್ರದ ಮುಂದೆಯೇ ಮುಗಿಯುತ್ತವೆ. ಸಾತ್-ಬಾರಾ ಉತಾರೆಯನ್ನು ಮಹಾಭೂಲೇಖ ತಾಣದಲ್ಲಿ ನೋಡಬಹುದು. ಪಿ.ಎಂ. ಕಿಸಾನ್ ಯೋಜನೆಯ ಕಂತು ಜಮೆಯಾಯಿತೋ ಇಲ್ಲವೋ ತಿಳಿಯಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಬಿಲ್ಲಿನ ಹಣ ಸಂದಾಯವಾಗಬೇಕು. ಅದು ಖಾತೆಗೆ ಬಂದಿತೇ ಎಂಬುದನ್ನು ಬ್ಯಾಂಕಿನ ಬಾಗಿಲಿಗೆ ಹೋಗದೆ ನೋಡಿಕೊಳ್ಳಬಹುದು.

ಆದರೆ ಬೇಕಾದ ಹೊತ್ತಿಗೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಸೂಚನೆ ಮೂಡಿ ಕೆಲಸ ನಿಂತುಬಿಡುತ್ತದೆ. ಆಗ ಕೆಲವರು ಯಂತ್ರವೇ ಕೆಟ್ಟಿತೆಂದು ಅದನ್ನು ಪೇಟೆಗೆ ಹೊತ್ತೊಯ್ಯುತ್ತಾರೆ. ಇನ್ನು ಕೆಲವರು ಸೂಚನೆಯನ್ನು ಓದದೆ ಕಂಡ ಗುಂಡಿಯನ್ನು ಒತ್ತಿ ಮುಂದಕ್ಕೆ ಹೋಗುತ್ತಾರೆ. ಮೊದಲನೆಯದರಿಂದ ದುಡ್ಡು, ದಿನ ಎರಡೂ ಹಾಳು. ಎರಡನೆಯದರಿಂದ ವರ್ಷದ ದುಡಿಮೆಯೇ ಕೈಬಿಟ್ಟು ಹೋಗುವ ಭಯವುಂಟು. ಆದ್ದರಿಂದ ಈ ಸೂಚನೆಗಳ ಅರ್ಥವನ್ನು ತಿಳಿದುಕೊಳ್ಳುವುದು ಅವಶ್ಯವಾಗಿದೆ.

ನೀರಿನ ದಾರಿ ಹಿಡಿದು ಹುಡುಕಿರಿ

ಹೊಲಕ್ಕೆ ನೀರು ಬಾರದಿದ್ದರೆ ನೀವು ಏನು ಮಾಡುತ್ತೀರಿ? ಮೊದಲು ವಿದ್ಯುತ್ತು ಇದೆಯೇ ನೋಡುತ್ತೀರಿ. ಆಮೇಲೆ ಮೋಟಾರು, ಅದರ ನಂತರ ಪೈಪು, ಕೊನೆಗೆ ಬೋದಿನ ಬಾಯಿ. ಗಣಕಯಂತ್ರದಲ್ಲಿಯೂ ಇದೇ ಕ್ರಮ. ಮಾಹಿತಿಯು ದೂರದ ಒಂದು ಯಂತ್ರದಿಂದ ಹೊರಟು, ತಂತಿಯ ಮೂಲಕ ಊರಿಗೆ ಬಂದು, ಮನೆಯ ಮೋಡೆಮ್ ಪೆಟ್ಟಿಗೆಯನ್ನು ದಾಟಿ, ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸ್ ಎಂಬ ಬ್ರೌಸರಿಗೆ ತಲುಪುತ್ತದೆ. ದೂರದ ಆ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಈ ದಾರಿಯಲ್ಲಿ ಎಲ್ಲಿ ತಡೆಯಾಗಿದೆ ಎಂಬುದನ್ನೇ ದೋಷಸೂಚನೆ ಹೇಳುತ್ತದೆ.

ಮೊದಲ ಪರೀಕ್ಷೆ ಸುಲಭವಾದದ್ದು. ಬೇರೆ ಒಂದೆರಡು ತಾಣಗಳನ್ನು ತೆರೆದು ನೋಡಿರಿ. ಎಲ್ಲವೂ ನಿಂತಿದ್ದರೆ ದೋಷ ಹೆಚ್ಚಾಗಿ ನಿಮ್ಮ ಕಡೆಗಿದೆ. ಒಂದೇ ತಾಣ ನಿಂತಿದ್ದರೆ ದೋಷ ಹೆಚ್ಚಾಗಿ ಆ ತಾಣದ ಕಡೆಗಿದೆ. ಇಷ್ಟನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ.

1. ‘ನೋ ಇಂಟರ್ನೆಟ್’

ಕ್ರೋಮಿನಲ್ಲಿ ಈ ಸೂಚನೆಯ ಜೊತೆಗೆ ಸಣ್ಣ ಡೈನೋಸಾರಿನ ಚಿತ್ರ ಬರುತ್ತದೆ. ಸಂಪರ್ಕವೇ ಇಲ್ಲವೆಂದು ಇದರ ಅರ್ಥ. ಮೋಡೆಮ್ ಪೆಟ್ಟಿಗೆಯ ದೀಪಗಳನ್ನು ನೋಡಿರಿ. ಫೈಬರ್ ತಂತಿಯ ಸಂಪರ್ಕವಿದ್ದಲ್ಲಿ ‘ಎಲ್.ಓ.ಎಸ್.’ ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕಿನ ಸಂಕೇತ ಮನೆಗೆ ಬರುತ್ತಿಲ್ಲ. ತಂತಿ ಎಲ್ಲಿಯೋ ತುಂಡಾಗಿರಬಹುದು ಅಥವಾ ಮಡಚಿಕೊಂಡಿರಬಹುದು. ಇದಕ್ಕೆ ಸಂಪರ್ಕ ಕೊಟ್ಟವರಿಗೇ ತಿಳಿಸಬೇಕು. ಗಣಕಯಂತ್ರವನ್ನು ಬಿಚ್ಚಿ ಪ್ರಯೋಜನವಿಲ್ಲ. ಕೆಂಪು ದೀಪವಿಲ್ಲದಿದ್ದರೆ ಪೆಟ್ಟಿಗೆಯ ವಿದ್ಯುತ್ತನ್ನು ತೆಗೆದು, ಅರ್ಧ ನಿಮಿಷ ಬಿಟ್ಟು ಮತ್ತೆ ಕೊಡಿರಿ. ದೀಪಗಳು ಸ್ಥಿರವಾಗಲು ಎರಡು ಮೂರು ನಿಮಿಷ ತಾಳಿರಿ.

2. ‘ದಿಸ್ ಸೈಟ್ ಕಾಂಟ್ ಬಿ ರೀಚ್ಡ್’

ಇದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಡಿ.ಎನ್.ಎಸ್.’ ಎಂಬ ಪದ ಇದ್ದರೆ ಹೆಸರು ಹುಡುಕುವಲ್ಲಿ ತೊಡಕಾಗಿದೆ ಎಂದು ತಿಳಿಯಿರಿ. ಕಾರಖಾನೆಯ ಖಾತೆ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಸಭಾಸದ ಕ್ರಮಾಂಕ ಇರುವಂತೆ, ಪ್ರತಿಯೊಂದು ತಾಣದ ಹೆಸರಿಗೂ ಒಂದು ಅಂಕಿಯ ವಿಳಾಸವಿದೆ. ಹೆಸರು ಕೊಟ್ಟರೆ ಅಂಕಿಯನ್ನು ಹುಡುಕಿಕೊಡುವ ಈ ವ್ಯವಸ್ಥೆಯನ್ನು 1983ರಲ್ಲಿ ಅಮೇರಿಕೆಯ ಪಾಲ್ ಮೊಕಪೆಟ್ರಿಸ್ ಎಂಬವರು ರೂಪಿಸಿದರು.

ಮೊದಲು ವಿಳಾಸವನ್ನು ಅಕ್ಷರಕ್ಕಕ್ಷರ ಓದಿರಿ. ಒಂದು ಚುಕ್ಕೆ ತಪ್ಪಿದರೂ ತಾಣ ಸಿಗದು. ವಿಳಾಸ ಸರಿಯಿದ್ದರೆ ಯಂತ್ರವನ್ನೂ ಮೋಡೆಮನ್ನೂ ಒಮ್ಮೆ ಆರಿಸಿ ಹಚ್ಚಿರಿ. ಆದರೂ ಆಗದಿದ್ದರೆ ತಿಳಿದವರಿಂದ ಯಂತ್ರದ ಡಿ.ಎನ್.ಎಸ್. ಸಂಖ್ಯೆಯನ್ನು 8.8.8.8 ಅಥವಾ 1.1.1.1 ಎಂದು ಬದಲಿಸಿ ನೋಡಬಹುದು. ಮೊದಲನೆಯದು ಗೂಗಲ್ ಸಂಸ್ಥೆಯದು, ಎರಡನೆಯದು ಕ್ಲೌಡ್‌ಫ್ಲೇರ್ ಸಂಸ್ಥೆಯದು. ಎರಡಕ್ಕೂ ಶುಲ್ಕವಿಲ್ಲ.

3. ಮೂರಂಕಿಯ ಸೂಚನೆಗಳು

404, 500, 503 ಮುಂತಾದ ಅಂಕಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಮೊದಲ ಅಂಕಿಯೊಂದನ್ನು ನೆನಪಿಟ್ಟರೆ ಸಾಕು. 4ರಿಂದ ಆರಂಭವಾದರೆ ನಾವು ಕೇಳಿದ್ದರಲ್ಲಿ ಏನೋ ಸರಿಯಿಲ್ಲ. 5ರಿಂದ ಆರಂಭವಾದರೆ ಕೇಳಿದ್ದು ತಲುಪಿದೆ, ಕೊಡುವವರ ಕಡೆ ತೊಂದರೆಯಾಗಿದೆ.

404 ಎಂದರೆ ಆ ಪುಟ ಅಲ್ಲಿಲ್ಲ. ಅದು ಸ್ಥಳ ಬದಲಿಸಿರಬಹುದು. ತಾಣದ ಮೊದಲ ಪುಟಕ್ಕೆ ಹೋಗಿ ಅಲ್ಲಿಂದ ಹುಡುಕಿರಿ. 403 ಎಂದರೆ ನೋಡಲು ಪರವಾನಿಗಿ ಇಲ್ಲ. 503 ಎಂದರೆ ಸರ್ವರಿನಲ್ಲಿ ಜನಸಂದಣಿ ಅಥವಾ ದುರಸ್ತಿ. ಅರ್ಜಿಯ ಕೊನೆಯ ದಿನ ಎಲ್ಲರೂ ಒಮ್ಮೆಲೇ ಮುಗಿಬಿದ್ದಾಗ ಇದು ಬರುವುದು ಸಹಜ. ಕಾಟಾದ ಮುಂದೆ ಗಾಡಿಗಳ ಸಾಲು ನಿಂತಂತೆ. ಬೆಳಗಿನ ಜಾವ ಅಥವಾ ರಾತ್ರಿ ಊಟದ ನಂತರ ಪ್ರಯತ್ನಿಸಿರಿ. ಅದಕ್ಕಿಂತ ಮುಖ್ಯವಾಗಿ, ಕೊನೆಯ ದಿನದವರೆಗೆ ಕಾಯಬೇಡಿರಿ.

ಇಲ್ಲಿ ಒಂದು ಎಚ್ಚರಿಕೆ. ಹಣ ಕಟ್ಟುತ್ತಿರುವಾಗ 504 ಮೊದಲಾದ ಸೂಚನೆ ಬಂದರೆ ಪುಟವನ್ನು ಮತ್ತೆ ತೆರೆಯುವ ಗುಂಡಿಯನ್ನು ಒತ್ತಬೇಡಿರಿ. ‘ಕನ್‌ಫರ್ಮ್ ಫಾರ್ಮ್ ರೀಸಬ್‌ಮಿಷನ್’ ಎಂದು ಕೇಳಿದರೆ, ತುಂಬಿದ ಅರ್ಜಿಯನ್ನು ಇನ್ನೊಮ್ಮೆ ಕಳಿಸಲೇ ಎಂದು ಅದರ ಅರ್ಥ. ಒಪ್ಪಿದರೆ ಅದೇ ಹಣ ಎರಡು ಸಲ ಕಡಿತವಾಗಬಹುದು. ಮೊದಲು ಖಾತೆಯ ಶಿಲ್ಕು ನೋಡಿರಿ. ಹಣ ಹೋಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಮತ್ತೆ ಕಟ್ಟಿರಿ.

4. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’

ಎಲ್ಲ ಸೂಚನೆಗಳಲ್ಲಿ ಇದು ಮಹತ್ವದ್ದು. ಪ್ರತಿಯೊಂದು ಸುರಕ್ಷಿತ ತಾಣವೂ ತನ್ನ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸಬೇಕು. ಅದಕ್ಕೆ ಆರಂಭದ ದಿನಾಂಕ, ಮುಗಿಯುವ ದಿನಾಂಕ ಎರಡೂ ಇರುತ್ತವೆ. ಬ್ರೌಸರು ಅದನ್ನು ಪರೀಕ್ಷಿಸಿ, ಸರಿಕಾಣದಿದ್ದರೆ ನಿಮ್ಮನ್ನು ಬಾಗಿಲಲ್ಲೇ ತಡೆಯುತ್ತದೆ. ಸೂಚನೆಯ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಕಾರಣವಿರುತ್ತದೆ.

(ಅ) ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ಮೊದಲು ನಿಮ್ಮ ಯಂತ್ರದ ದಿನಾಂಕ ನೋಡಿರಿ. ಮನೆಯ ಹಳೆಯ ಗಣಕಯಂತ್ರಗಳಲ್ಲಿ ಈ ದೋಷ ಬಹಳ. ಯಂತ್ರವನ್ನು ಆರಿಸಿದಾಗಲೂ ಒಳಗಿನ ಗಡಿಯಾರ ನಡೆಯಲು ನಾಣ್ಯದಾಕಾರದ ಸಣ್ಣ ಸೆಲ್ಲೊಂದು ಇರುತ್ತದೆ. ಅದು ತೀರಿದರೆ, ವಿದ್ಯುತ್ತು ಹೋದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಒಳ್ಳೆಯ ಪ್ರಮಾಣಪತ್ರವೂ ‘ಇನ್ನೂ ಆರಂಭವಾಗದ್ದು’ ಎಂದು ಯಂತ್ರಕ್ಕೆ ಕಾಣುತ್ತದೆ. ಪರದೆಯ ಕೆಳಮೂಲೆಯ ಗಡಿಯಾರದ ಮೇಲೆ ಬಲಗುಂಡಿ ಒತ್ತಿ, ದಿನಾಂಕ ಮತ್ತು ವೇಳೆಯನ್ನು ಸರಿಪಡಿಸಿರಿ. ಬ್ರೌಸರನ್ನು ಮುಚ್ಚಿ ತೆರೆದರೆ ತಾಣ ಬರುತ್ತದೆ. ಮರುದಿನ ಮತ್ತೆ ದಿನಾಂಕ ತಪ್ಪಿದ್ದರೆ ಸೆಲ್ಲನ್ನು ಬದಲಿಸಬೇಕು. ಹೆಚ್ಚಿನ ಮೇಜಿನ ಯಂತ್ರಗಳಲ್ಲಿರುವುದು ‘ಸಿ.ಆರ್. 2032’ ಎಂಬ 3 ವೋಲ್ಟಿನ ಸೆಲ್ಲು. 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಕೈಗಡಿಯಾರ ರಿಪೇರಿಯವರ ಬಳಿಯೂ ಅಲ್ಪ ಬೆಲೆಗೆ ಸಿಗುತ್ತದೆ. ಇಷ್ಟು ಸಣ್ಣ ಕಾರಣಕ್ಕೆ ಹೊಸ ಯಂತ್ರ ಕೊಳ್ಳುವ ಅವಶ್ಯಕತೆಯಿಲ್ಲ.

(ಆ) ‘ಅಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದರೆ ಪ್ರಮಾಣಪತ್ರ ಕೊಟ್ಟವರು ಯಾರೆಂದು ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ. ಬಹಳ ಹಳೆಯ ಯಂತ್ರಗಳಲ್ಲಿ ಇಂಥ ತೊಡಕು ಬರುತ್ತದೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಜಗತ್ತಿನಾದ್ಯಂತ ಹಳೆಯ ಯಂತ್ರಗಳಲ್ಲಿ ಹಲವು ಒಳ್ಳೆಯ ತಾಣಗಳೂ ತೆರೆಯದಾದವು. ಯಂತ್ರ ಹೊಸದಾಗಿದ್ದೂ ಈ ಸೂಚನೆ ಬಂದರೆ ತಾಣವನ್ನೇ ಸಂಶಯಿಸಿರಿ.

(ಇ) ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಿದ್ದರೆ ಪ್ರಮಾಣಪತ್ರದಲ್ಲಿರುವ ಹೆಸರು ಒಂದು, ತಾಣದ ಹೆಸರು ಇನ್ನೊಂದು.

ಮೂರರಲ್ಲಿ ಯಾವುದಿದ್ದರೂ, ‘ಅಡ್ವಾನ್ಸ್ಡ್’ ಗುಂಡಿಯನ್ನು ಒತ್ತಿ, ‘ಅನ್‌ಸೇಫ್’ ಎಂದು ಬರೆದ ದಾರಿಯಲ್ಲಿ ಒಳಗೆ ಹೋಗಿ ಬ್ಯಾಂಕಿನ ಗುಪ್ತಪದ, ಆಧಾರ ಸಂಖ್ಯೆ, ಮೊಬೈಲಿಗೆ ಬಂದ ಸಂಖ್ಯೆ ಇವನ್ನು ಎಂದೂ ಕೊಡಬೇಡಿರಿ. ಸರಕಾರೀ ತಾಣದಲ್ಲಿಯೂ ಪ್ರಮಾಣಪತ್ರ ವೇಳೆಗೆ ನವೀಕರಣವಾಗದೆ ಉಳಿಯಬಹುದು. ಆಗ ಒಂದೆರಡು ದಿನ ತಾಳುವುದು ಅಥವಾ ಕಛೇರಿಗೆ ಹೋಗಿ ಕೆಲಸ ಮಾಡಿಸಿಕೊಳ್ಳುವುದು ಲೇಸು.

ಸೂಚನೆ ಬಾರದ ಮಾತ್ರಕ್ಕೆ ತಾಣ ಪ್ರಾಮಾಣಿಕವೆಂದು ಭಾವಿಸಬಾರದು. ಮೋಸದ ತಾಣಗಳಿಗೂ ಪ್ರಮಾಣಪತ್ರ ಸಿಗುತ್ತದೆ. ಜನರು ಬೀಗದ ಚಿತ್ರವನ್ನು ನೋಡಿ ಮೋಸಹೋಗುತ್ತಾರೆಂಬ ಕಾರಣದಿಂದಲೇ 2023ರಲ್ಲಿ ಕ್ರೋಮ್ ಬ್ರೌಸರಿನಲ್ಲಿ ಆ ಚಿತ್ರವನ್ನು ತೆಗೆದುಹಾಕಲಾಯಿತು. ಆದ್ದರಿಂದ ವಿಳಾಸದ ಕೊನೆಯ ಭಾಗವನ್ನು ಓದುವ ರೂಢಿ ಮಾಡಿಕೊಳ್ಳಿರಿ. ಸರಕಾರೀ ತಾಣಗಳ ಹೆಸರು ಸಾಮಾನ್ಯವಾಗಿ ‘ಜಿ-ಓ-ವಿ ಡಾಟ್ ಐ-ಎನ್’ ಎಂದು ಮುಗಿಯುತ್ತದೆ. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಐ-ಎನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಜರ್ವ್ ಬ್ಯಾಂಕು ಆಜ್ಞೆ ಮಾಡಿತ್ತು. ಈ ಪದಗಳು ವಿಳಾಸದ ನಡುವೆ ಇದ್ದರೆ ಸಾಲದು. ಮೊದಲ ಓರೆಗೆರೆಯ ಹಿಂದೆ ಕೊನೆಯದಾಗಿ ಇರಬೇಕು.

5. ಹಳೆಯ ಬ್ರೌಸರು

ವಿಂಡೋಸ್ 7 ಇರುವ ಯಂತ್ರಗಳಲ್ಲಿ ಕ್ರೋಮ್ 109ನೆಯ ಆವೃತ್ತಿಗೇ ನಿಂತಿದೆ. 2023ರ ಫೆಬ್ರುವರಿಯಲ್ಲಿ ಬಂದ 110ನೆಯ ಆವೃತ್ತಿಯಿಂದ ವಿಂಡೋಸ್ 10 ಅಥವಾ ಅದರ ಮುಂದಿನದು ಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ ಎಂಬ ಹಳೆಯ ಬ್ರೌಸರನ್ನು ಮೈಕ್ರೋಸಾಫ್ಟ್ ಸಂಸ್ಥೆ 2022ರ ಜೂನ್ 15ರಂದು ನಿವೃತ್ತಗೊಳಿಸಿತು. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವನ್ನು ಮಕ್ಕಳ ಓದಿಗೆ, ಲೆಕ್ಕ ಬರೆದಿಡಲು ಉಪಯೋಗಿಸಿರಿ. ಹಣದ ವ್ಯವಹಾರಕ್ಕೆ ಮಾತ್ರ ಅದು ಯೋಗ್ಯವಲ್ಲ.

6. ತಾಣ ತೆರೆಯುತ್ತದೆ, ಆದರೆ ಕೆಲಸ ನಡೆಯುವುದಿಲ್ಲ

ಬ್ರೌಸರು ಒಮ್ಮೆ ತಂದ ಪುಟಗಳ ಪ್ರತಿಯನ್ನು ಕಣಜದಲ್ಲಿಟ್ಟಂತೆ ಇಟ್ಟುಕೊಂಡು, ಮುಂದಿನ ಸಲ ಅದನ್ನೇ ತೋರಿಸುವುದುಂಟು. ಇದರಿಂದ ಹೊಸ ಮಾಹಿತಿ ಕಾಣದೆ ಹಳೆಯದೇ ಕಾಣುತ್ತದೆ. ಗುಪ್ತಪದ ಸರಿಯಿದ್ದರೂ ಮತ್ತೆ ಮತ್ತೆ ಮೊದಲ ಪುಟಕ್ಕೇ ತಿರುಗಿಸುತ್ತದೆ. ಕಂಟ್ರೋಲ್ ಮತ್ತು ಎಫ್-5 ಗುಂಡಿಗಳನ್ನು ಕೂಡಿಸಿ ಒತ್ತಿದರೆ ಪುಟ ಹೊಸದಾಗಿ ಬರುತ್ತದೆ. ಸಾಲದಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒತ್ತಿ, ‘ಕುಕೀಸ್’ ಮತ್ತು ‘ಕ್ಯಾಶ್’ ಎಂಬವನ್ನು ಮಾತ್ರ ಗುರುತಿಸಿ ಅಳಿಸಿರಿ. ‘ಪಾಸ್‌ವರ್ಡ್ಸ್’ ಎಂಬುದನ್ನು ಮುಟ್ಟಬೇಡಿರಿ.

ಉತಾರೆ ಅಥವಾ ಪಾವತಿ ಬೇರೆ ಕಿಟಕಿಯಲ್ಲಿ ತೆರೆಯುವ ತಾಣಗಳಲ್ಲಿ ಇನ್ನೊಂದು ತೊಡಕಿದೆ. ಗುಂಡಿ ಒತ್ತಿದರೂ ಏನೂ ಆಗದಿದ್ದರೆ ವಿಳಾಸದ ಸಾಲಿನ ಬಲತುದಿಯನ್ನು ನೋಡಿರಿ. ‘ಪಾಪ್-ಅಪ್ ಬ್ಲಾಕ್ಡ್’ ಎಂದಿದ್ದರೆ ಆ ತಾಣವೊಂದಕ್ಕೆ ಮಾತ್ರ ಪರವಾನಿಗಿ ಕೊಡಿರಿ.

7. ದೋಷವಲ್ಲದ ದೋಷಸೂಚನೆ

ಒಮ್ಮೆಲೇ ಪರದೆಯ ತುಂಬ ಕೆಂಪು ಬಣ್ಣ, ಗಂಟೆಯ ಸದ್ದು, ‘ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿರಿ’ ಎಂಬ ಬರಹ ಬಂದರೆ ಅದು ಮೋಸಗಾರರ ಬಲೆ. ಬ್ರೌಸರಿನ ನಿಜವಾದ ದೋಷಸೂಚನೆಯಲ್ಲಿ ಫೋನ್ ಸಂಖ್ಯೆ ಇರುವುದಿಲ್ಲ. ಇದನ್ನು ನೆನಪಿಟ್ಟರೆ ಸಾಕು. ಎಸ್ಕೇಪ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್-4 ಒತ್ತಿ ಕಿಟಕಿಯನ್ನು ಮುಚ್ಚಿರಿ. ಮುಚ್ಚದಿದ್ದರೆ ಯಂತ್ರವನ್ನೇ ಆರಿಸಿರಿ. ಫೋನಿನಲ್ಲಿ ಯಾರೋ ಹೇಳಿದರೆಂದು ದೂರದಿಂದ ಯಂತ್ರ ನಡೆಸುವ ತಂತ್ರಾಂಶವನ್ನು ಎಂದೂ ಹಾಕಿಕೊಳ್ಳಬೇಡಿರಿ. ಅಕಸ್ಮಾತ್ ಹಣ ಹೋದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ನಿಮ್ಮ ಬ್ಯಾಂಕಿಗೂ ತಿಳಿಸಿರಿ. ಬೇಗ ತಿಳಿಸಿದಷ್ಟು ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು.

ಪರೀಕ್ಷಿಸಿ ನೋಡಿಕೊಳ್ಳಿರಿ

ಪ್ರಶ್ನೆ 1: ಎರಡು ದಿನ ವಿದ್ಯುತ್ತು ಇರಲಿಲ್ಲ. ಬಂದ ಮೇಲೆ ಹೆಚ್ಚಿನ ಎಲ್ಲ ತಾಣಗಳಲ್ಲೂ ‘ಪ್ರೈವೇಟ್’ ಸೂಚನೆ ಬರುತ್ತಿದೆ. ಮೊದಲು ಏನು ನೋಡಬೇಕು?
ಉತ್ತರ: ಯಂತ್ರದ ದಿನಾಂಕ.

ಪ್ರಶ್ನೆ 2: ಮಹಾಭೂಲೇಖ ಮಾತ್ರ 503 ತೋರಿಸುತ್ತಿದೆ, ಉಳಿದ ತಾಣಗಳು ಸರಿಯಾಗಿವೆ. ಮೋಡೆಮ್ ಆರಿಸಿ ಹಚ್ಚಬೇಕೇ?
ಉತ್ತರ: ಬೇಡ. ದೋಷ ಆ ಕಡೆಯದು; ಕೆಲಹೊತ್ತು ಬಿಟ್ಟು ನೋಡಿರಿ.

ಪ್ರಶ್ನೆ 3: ಸಾಲದ ಕಂತು ಕಟ್ಟುವಾಗ 504 ಬಂತು. ಮುಂದೇನು?
ಉತ್ತರ: ಖಾತೆಯ ಶಿಲ್ಕು ನೋಡುವವರೆಗೆ ಯಾವ ಗುಂಡಿಯನ್ನೂ ಒತ್ತಬಾರದು.

ಕೆಂಪು ಕೊಳೆ ರೋಗ ತಗಲಿದ ಕಬ್ಬಿಗೂ ನೀರಿಲ್ಲದೆ ಬಾಡಿದ ಕಬ್ಬಿಗೂ ಒಂದೇ ಉಪಾಯ ಮಾಡುವ ಒಕ್ಕಲಿಗನಿಲ್ಲ. ಗರಿಯನ್ನು ನೋಡಿ, ಕಬ್ಬನ್ನು ಸೀಳಿ, ಕಾರಣ ತಿಳಿದ ಮೇಲೆಯೇ ಕೈಹಾಕುತ್ತಾನೆ. ಪರದೆಯ ಸೂಚನೆಯನ್ನೂ ಹಾಗೆಯೇ ಸಾವಕಾಶವಾಗಿ ಓದಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ, ಸಣ್ಣ ಅಕ್ಷರಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ರಿಪೇರಿಯವನ ಬಳಿ ಹೋಗುವ ಪ್ರಸಂಗ ಬಂದರೂ ಆ ಚೀಟಿ ನಿಮ್ಮ ದುಡ್ಡನ್ನು ಉಳಿಸುತ್ತದೆ. ಕಬ್ಬಿನ ಕಟಾವು ಆರಂಭವಾಗುವ ಮೊದಲು, ಕೈ ಬಿಡುವಾಗಿರುವಾಗಲೇ, ಯಂತ್ರದ ದಿನಾಂಕ, ಬ್ರೌಸರಿನ ಆವೃತ್ತಿ ಮತ್ತು ನಿಮ್ಮ ಬ್ಯಾಂಕಿನ ಸರಿಯಾದ ವಿಳಾಸ ಈ ಮೂರನ್ನು ಒಮ್ಮೆ ನೋಡಿಟ್ಟುಕೊಳ್ಳಿರಿ.